ಚಾಚಾ ತಮಗೆ ಹಚ್ಚಿಕೊಳ್ಳದ ಮೀಟರ್

ಕಂಪ್ಯೂಟರಿನ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದೆ. ಪ್ರೊಸೆಸರ್ ಬದಲಿಸಬೇಕೋ ಬೇಡವೋ ಎಂದು ತಿಂಗಳುಗಟ್ಟಲೆ ಒದ್ದಾಡಿ, ಕೊನೆಗೆ ಒಳಗಿನ ಬೋರ್ಡು ಯಾವುದೆಂದಾದರೂ ನೋಡೋಣ ಎಂದು ಸ್ಕ್ರೂ ತೆಗೆದಿದ್ದೆ. ಬ್ರಶ್ಶಿನಿಂದ ಧೂಳು ಗುಡಿಸುವಾಗ ತಳದಲ್ಲಿ ಹತ್ತಿಯ ಸಣ್ಣ ಉಂಡೆಯೊಂದು ಸಿಕ್ಕಿತು. ಎಸೆಯಲು ಹೋದವಳು ಸುಮ್ಮನೆ ಮೂಸಿದೆ. ಧೂಳಿನ ವಾಸನೆಯ ಅಡಿಯಲ್ಲಿ ಸಣ್ಣಗೆ ಅತ್ತರು... ಸವಣೂರಿನ ಚಾಚಾ ಕಿವಿಯಲ್ಲಿ ಇಟ್ಟುಕೊಳ್ಳುತ್ತಿದ್ದ ಹತ್ತಿ ಅದು. ಈ ಕಂಪ್ಯೂಟರನ್ನು ಜೋಡಿಸಿಕೊಟ್ಟವರು ಅವರೇ. ಬಗ್ಗಿ ಫ್ಯಾನು ಕೂರಿಸುವಾಗ ಬಿದ್ದಿರಬೇಕು.

ಆಗ ನಾನು ಬಂಕಾಪುರದಿಂದ ಬಸ್ಸಿನಲ್ಲಿ ಬಂದು ಸವಣೂರಿನ ಶಾಲೆಯೊಂದರಲ್ಲಿ ಗಣಿತ ಹೇಳುತ್ತಿದ್ದೆ. ಸಂಜೆಯ ಬಸ್ಸು ಯಾವತ್ತೂ ತಡ. ಕಾಯುವುದೆಂದರೆ ನನಗೆ ಮೈಮೇಲೆ ಇರುವೆ ಬಿಟ್ಟಂತೆ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಚಾಚಾರ ರಿಪೇರಿ ಅಂಗಡಿ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ, ಪರದೆಯ ಆಚೆ ಚಾಚಿ. ಮೊದಲು ಗಡಿಯಾರ ರಿಪೇರಿ ಮಾಡುತ್ತಿದ್ದವರು, ಗಡಿಯಾರ ಕಟ್ಟುವವರು ಕಡಿಮೆಯಾದ ಮೇಲೆ ಕಂಪ್ಯೂಟರಿಗೆ ಬಂದಿದ್ದರು. ಬಿಳಿ ಗಡ್ಡದ ಆ ಮನುಷ್ಯರಿಗೆ ಕಾರ್ ರೇಸಿನ ಆಟದ ಹುಚ್ಚು. ಅಂಗಡಿಯಲ್ಲಿ ಎರಡು ಕಂಪ್ಯೂಟರು. ಒಂದು ಅವರದು, ಇನ್ನೊಂದು ಕೈಗೆ ಸಿಕ್ಕವರದು. ಬಸ್ಸು ಬರುವವರೆಗೆ ಸಿಕ್ಕವಳು ನಾನೇ. ಸೋತವರು ತಿನ್ನಲು ಸವಣೂರು ಖಾರಾದ ಪೊಟ್ಟಣ ತರಿಸಬೇಕು. ಮೊದಲ ವರ್ಷವೆಲ್ಲ ತರಿಸಿದವಳು ನಾನು.

ಯಾರಾದರೂ ಹೊಸ ಪ್ರೊಸೆಸರ್ ಹಾಕಿ ಎಂದು ಬಂದರೆ ಚಾಚಾ ಹಾಗೆಲ್ಲ ಹಾಕುತ್ತಿರಲಿಲ್ಲ. ಮೊದಲು ತಮ್ಮೆದುರು ಕೂರಿಸಿ ಆಟ ಆಡಿಸುತ್ತಿದ್ದರು. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ಗ್ರಾಫಿಕ್ಸ್ ಕಾರ್ಡ್ ಎಷ್ಟು ದುಡಿಯುತ್ತಿದೆ ಎಂದು ಸ್ಕ್ರೀನಿನ ಮೂಲೆಯಲ್ಲಿ ಅಂಕಿ ಓಡುತ್ತಿತ್ತು. ಅದಕ್ಕೆ ಅವರು ಮೀಟರ್ ಎನ್ನುತ್ತಿದ್ದರು.

“ದುಡಿಯೋರು ಯಾರು, ಕುಂತ ಉಣ್ಣೋರು ಯಾರು, ನೋಡೂಣು ತಡೀರಿ.”

ಪ್ರೊಸೆಸರ್ ನೂರಕ್ಕೆ ಮುಟ್ಟಿ ಕಾರ್ಡ್ ಆರಾಮಾಗಿದ್ದರೆ ಮಾತ್ರ ಹೊಸದು. ಇಲ್ಲವಾದರೆ ಧೂಳು ಹೊಡೆದು, ಬಿಸಿ ಇಳಿಸುವ ಪೇಸ್ಟ್ ಹಚ್ಚಿ ಕಳಿಸಿಬಿಡುವುದೇ. ಶಿಗ್ಗಾಂವಿಯಿಂದ ಬಂದ ಗಿರಾಕಿಗಳು ಮುಖ ಊದಿಸಿಕೊಂಡು ಹೋದದ್ದೂ ಉಂಟು. ಹೀಗೆ ಮಾಡಿದರೆ ಅಂಗಡಿ ನಡೆದ ಹಾಗೇ ಎಂದು ಚಾಚಿ ಪರದೆಯ ಹಿಂದಿನಿಂದ ಗೊಣಗುತ್ತಿದ್ದರು.

ಆಮೇಲೆ ಒಂದು ಮಳೆಗಾಲ... ಚಾಚಾ ಸೋಲತೊಡಗಿದರು. ತಿರುವು ಬಂದಾಗ ಅವರ ಕಾರು ತುಸು ತಡವಾಗಿ ತಿರುಗಿ ಗೋಡೆಗೆ ಬಡಿಯುತ್ತಿತ್ತು. ಮೊದಮೊದಲು ನನಗೆ ಹಿಗ್ಗೋ ಹಿಗ್ಗು, ದಿನಾ ಖಾರಾ.

“ಪ್ರೊಸೆಸರ್ ದಣದೈತಿ ಬೇಟಿ. ನಾ ಒತ್ತಿದ್ದು ಅದಕ್ಕ ತಡಾ ಮುಟ್ಟತೈತಿ. ಬದಲಿ ಮಾಡಬೇಕು,” ಎಂದರು ಚಾಚಾ. ಮರುದಿನ, “ಈಗ ಬ್ಯಾಡ, ಮುಂದಿಂದು ಚಲೋ ಬರತೈತಂತ,” ಎಂದರು. ಅದರ ಮರುದಿನ ಮತ್ತೆ ಬದಲಿಸುವ ಮಾತು. ಬಿಡಿಭಾಗ ಮಾರುವ ಹುಬ್ಬಳ್ಳಿಯ ಅಂಗಡಿಗೆ ಫೋನು ಹಚ್ಚುವರು, ಆ ಕಡೆಯವರು ಎತ್ತುವ ಮೊದಲೇ ಇಟ್ಟುಬಿಡುವರು. ಕುಳಿತಲ್ಲಿ ಕೂರಲಾರರು. ಮೀಟರ್ ಹಚ್ಚಿ ನೋಡೋಣ ಎಂದೆ. “ನಂದು ನನಗ ಗೊತ್ತಿಲ್ಲೇನು?” ಎಂದು ಸಿಡುಕಿದರು. ನನ್ನ ಮೇಲೆ ಸಿಡುಕಿದ್ದು ಅದೇ ಮೊದಲು.

ಒಂದು ಸಂಜೆ ಅವರು ಅಸರ್ ನಮಾಜಿಗೆ ಹೋದಾಗ ತಡೆಯಲಾರದೆ ಅವರ ಕುರ್ಚಿಯಲ್ಲಿ ಕುಳಿತು ಮೀಟರ್ ಹಚ್ಚಿ ಆಡಿದೆ. ಕಾರು ನಾನು ಒತ್ತಿದ ಕ್ಷಣಕ್ಕೇ ತಿರುಗಿತು. ಪ್ರೊಸೆಸರ್ ಅರ್ಧದಷ್ಟೂ ದುಡಿಯುತ್ತಿರಲಿಲ್ಲ. ಕಾರ್ಡೂ ಆರಾಮಾಗಿತ್ತು. ನಂಬದೆ ಇನ್ನೊಂದು ಸುತ್ತು ಆಡಿದೆ. ಹಾಗೇ ಇತ್ತು.

ತಿರುಗಿ ನೋಡಿದರೆ ಚಾಚಿ ಪರದೆ ಸರಿಸಿ ನಿಂತಿದ್ದರು.

“ಮಶೀನ್ ಚಲೋನ ಐತಿ, ಹೌದಲ್ಲ?”

“ಹೌದ್ರಿ ಚಾಚಿ.”

“ಅವರ ಅಂಗಿ ಗುಂಡಿ ಈಗ ನಾನ ಹಾಕತೇನಿ. ದವಾಖಾನಿಗೆ ಹೋಗೂಣು ಅಂದ್ರ ಕೇಳವಲ್ರು, ನನಗೇನಾಗೈತಿ ಅಂತಾರ. ನನ್ನ ಮಾತ ಬಿಡು, ಆ ಮೀಟರ್ ಮಾತರ ಕೇಳ್ಯಾರು. ನೀನ ತೋರಸವಾ.”

ಅಷ್ಟರಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಓಡಿಹೋಗಿ ಹತ್ತಿಬಿಡೋಣ ಎನಿಸಿತು, ಸುಳ್ಳೇಕೆ ಹೇಳಲಿ. ಆದರೆ ಚಾಚಿಯ ಮುಖ ನೋಡಿ ಕುರ್ಚಿಯಲ್ಲೇ ಉಳಿದೆ.

ಚಾಚಾ ಬಂದರು. ಮೂಲೆಯ ಅಂಕಿ ನೋಡಿದರು, ನನ್ನನ್ನು ನೋಡಿದರು. ಬೈಯಲಿಲ್ಲ. ನಾನು ಎದ್ದೆ, ಅವರು ಕುಳಿತು ಆಡಿದರು. ರಸ್ತೆಯ ಕಡೆ ಅವರ ಕಣ್ಣೇ ಇರಲಿಲ್ಲ, ಅಂಕಿಯ ಮೇಲೇ ಇತ್ತು. ಕಾರು ಗೋಡೆಗೆ ಬಡಿದಾಗಲೂ ಅಂಕಿ ಅರ್ಧ ದಾಟಿರಲಿಲ್ಲ. ಬಲಗೈಯನ್ನು ಮುಖದ ಹತ್ತಿರ ಹಿಡಿದು, ನಿಂತುಹೋದ ಗಡಿಯಾರವನ್ನು ನೋಡುವ ಹಾಗೆ ಹೊರಳಿಸಿ ಹೊರಳಿಸಿ ನೋಡಿದರು.

“ಹಂಗಾರ ದಣದಾವ ನಾನ ಅನ್ನು,” ಎಂದರು. ಆಮೇಲೆ ಚಾಚಿಯ ಕಡೆ ತಿರುಗಿ, “ನಾಳೆ ಹೋಗೂಣು. ಈಗ ಚಹಾ ಮಾಡು.”

ಹುಬ್ಬಳ್ಳಿಯ ಡಾಕ್ಟರು ನರದ ಕಾಯಿಲೆ ಎಂದರಂತೆ. ಗುಳಿಗೆಯಿಂದ ಕೆಲವು ಕಾಲ ಕೈ ಹಿಡಿತಕ್ಕೆ ಬಂತು... ಅಗ್ಗದಲ್ಲೇ ಆಟಕ್ಕೆ ಸಾಲುವಂಥ ಕಂಪ್ಯೂಟರು ಬೇಕೆಂದು ನಾನು ಕೇಳಿದ್ದು, ಅವರು ಇದನ್ನು ಜೋಡಿಸಿದ್ದು ಆ ದಿನಗಳಲ್ಲೇ. ಒಂದು ಸ್ಕ್ರೂ ಕೂರಲು ಎಷ್ಟೋ ಹೊತ್ತು ಹಿಡಿಯುತ್ತಿತ್ತು. ನಾನು ಕೈ ಹಾಕಲು ಹೋದರೆ, “ಗಡಬಡಿ ಮಾಡಬ್ಯಾಡ ಬೇಟಿ,” ಎನ್ನುವರು. ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಪ್ರೊಸೆಸರಿನ ಮೇಲೆ ಪೇಸ್ಟ್ ಬಿಟ್ಟು, ಫ್ಯಾನು ಕೂರಿಸಿ, ಬೆವರು ಒರೆಸಿಕೊಂಡು ಮಕ್ಕಳ ಹಾಗೆ ನಕ್ಕರು. ಅವರು ಜೋಡಿಸಿದ ಕೊನೆಯ ಕಂಪ್ಯೂಟರು ಇದು. ನನಗೆ ಹಾನಗಲ್ಲಿಗೆ ವರ್ಗವಾಯಿತು. ಫೋನಿನಲ್ಲಿ ಅವರ ಮಾತು ಬರಬರುತ್ತಾ ಸಣ್ಣಗಾಯಿತು. ಒಂದು ದಿನ ಅವರ ಫೋನಿನಿಂದ ಚಾಚಿ ಮಾತಾಡಿದರು. ಚಾಚಾ ಹೋಗಿದ್ದರು...

ಈಗ ಆಟದಲ್ಲಿ ನನ್ನ ಕಾರೂ ತಡವಾಗಿ ತಿರುಗುತ್ತಿದೆ. ಹೊಸ ಪ್ರೊಸೆಸರನ್ನು ಆನ್‌ಲೈನಿನಲ್ಲಿ ಆರಿಸುತ್ತೇನೆ, ಬಿಡುತ್ತೇನೆ, ಎದ್ದು ನೀರು ಕುಡಿದು ಬಂದು ಮತ್ತೆ ಆರಿಸುತ್ತೇನೆ. ಇದೇ ಬೋರ್ಡಿಗೆ ಕೂರುತ್ತದೆ, ಅದನ್ನೂ ಇವತ್ತು ನೋಡಿದ್ದಾಯಿತು. ಮೀಟರ್ ಒಂದನ್ನು ಮಾತ್ರ ಇಷ್ಟು ದಿನ ಹಚ್ಚಿರಲಿಲ್ಲ. ಏಕೆಂದು ನನಗೆ ಗೊತ್ತು. ತರಗತಿಯಲ್ಲಿ ಸೀಮೆಸುಣ್ಣ ಹಿಡಿದಾಗ ಲೆಕ್ಕ ಬಿಟ್ಟು ನನ್ನ ಕೈಯನ್ನೇ ನೋಡುತ್ತಿರುತ್ತೇನೆ. ಹೆದರಿಕೆ.

ಹತ್ತಿಯ ಉಂಡೆಯನ್ನು ಕೀಬೋರ್ಡಿನ ಪಕ್ಕ ಇಟ್ಟು, ಡಬ್ಬಿ ಮುಚ್ಚದೆಯೇ ಚಾಲೂ ಮಾಡಿದೆ. ಮೀಟರ್ ಹಚ್ಚಿ ಆಡಿದೆ. ಮೊದಲ ತಿರುವಿಗೇ ಪ್ರೊಸೆಸರ್ ನೂರಕ್ಕೆ ಹೋಗಿ ನಿಂತಿತು. ಕಾರ್ಡ್ ಕುಳಿತು ಉಣ್ಣುತ್ತಿತ್ತು. ದಣಿದದ್ದು ಪ್ರೊಸೆಸರೇ. ನನ್ನ ಕೈಗೆ ಏನೂ ಆಗಿಲ್ಲ.

ಹೊಸದಕ್ಕೆ ಆರ್ಡರ್ ಮಾಡಿದೆ. ಅದು ಬಂದ ಮೇಲೆ ಚಾಚಾ ಬೆವರು ಸುರಿಸಿ ಕೂರಿಸಿದ ಫ್ಯಾನನ್ನು ನಾನೇ ಬಿಚ್ಚಬೇಕು, ಗಡಬಡಿ ಮಾಡದೆ. ನಿರಾಳವಾಗಬೇಕಿತ್ತು, ಅಳು ಬಂತು. ಅವರು ಆ ಮಳೆಗಾಲವೆಲ್ಲ ಹಂಬಲಿಸಿದ್ದು ಈ ನೂರಕ್ಕೇ. ಅವರಿಗೆ ಬರಲಿಲ್ಲ, ನನಗೆ ಬಂತು.