ಚೈತ್ರಳ ಬಾಯಾರಿಕೆ

ಶಿಕಾರಿಪುರದ ಬಸ್ ಸ್ಟ್ಯಾಂಡಿನಲ್ಲಿ ಅನಾನಸ್ ಹೆಚ್ಚುವ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರೀತು. ನನ್ನ ಎದೆ ಮಾತ್ರ ಝಲ್ಲೆನ್ನುತ್ತದೆ. ಅದಕ್ಕೆ ಕಾರಣ ನನ್ನ ಅಕ್ಕನ ಮಗಳು, ಸೊರಬದ ಚೈತ್ರ.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ದಸರಾ ರಜೆಗೆ ಶಿಕಾರಿಪುರದ ನಮ್ಮ ಮನೆಗೆ ಬಂದಿದ್ದಳು. ಬಂದವಳೇ ತಂಬಿಗೆ ನೀರು ಗಟಗಟ ಕುಡಿದು ಇನ್ನೊಂದು ಕೇಳಿದಳು. ರೊಟ್ಟಿ ಮೇಲೆ ರೊಟ್ಟಿ ತಿಂದರೂ ಕುತ್ತಿಗೆಯ ಎಲುಬು ಕಾಣುತ್ತಿತ್ತು. ಬೆಳಿಗ್ಗೆ ಹಾಸಿಗೆ ಒದ್ದೆಯಾಗಿದ್ದಕ್ಕೆ ನಾಚಿ ಅತ್ತಳು. ಫೋನಿನಲ್ಲಿ ಅಕ್ಕ, "ಉದ್ದ ಆಗೋ ವಯಸ್ಸು ಕಣೇ, ಅದ್ಕೇ ಸೊರಗಿದಾಳೆ" ಎಂದಳು. ನನಗೂ ಸರಿಯೆನಿಸಿತು. ಸಕ್ಕರೆ ಕಾಯಿಲೆಯೆಂದರೆ ನಮ್ಮ ಮಾವನವರಂಥ ಹೊಟ್ಟೆ ಬಂದ ಹಿರಿಯರ ಸ್ವತ್ತು ಎಂದೇ ನಂಬಿದ್ದವಳು ನಾನು. ಮಾವನವರಂತೂ ಅದನ್ನು ಹೊಸ ಸೈಟು ಕೊಂಡವರ ಗತ್ತಿನಲ್ಲೇ ಹೇಳಿಕೊಳ್ಳುತ್ತಿದ್ದರು.

ಮರುದಿನ ಬಳ್ಳಿಗಾವಿಯ ದೇವಸ್ಥಾನ ತೋರಿಸಲು ಕರೆದೊಯ್ದೆ. ಓಡಾಡಬೇಕಾದ ಹುಡುಗಿ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಚಿಕ್ಕಮ್ಮ, ಕಾಲಲ್ಲಿ ಬಲಾನೇ ಇಲ್ಲ."

ಹೆಗಲಿಗೆ ಒರಗಿದಾಗ ಅವಳ ಉಸಿರು ಕಳಿತ ಅನಾನಸ್ಸಿನಂತೆ ಘಮ್ಮೆಂದಿತು. ಅವಳು ಯಾವ ಹಣ್ಣನ್ನೂ ತಿಂದಿರಲಿಲ್ಲ. ಏನೆಂದು ತಿಳಿಯದಿದ್ದರೂ ಹೆದರಿ, ಅವಳನ್ನು ಎತ್ತಿಕೊಂಡೇ ಬಸ್ಸು ಹತ್ತಿ ನೇರ ಶಿಕಾರಿಪುರದ ಆಸ್ಪತ್ರೆಗೆ ಬಂದೆ.

ಡಾಕ್ಟರು ಬೆರಳು ಚುಚ್ಚಿ ರಕ್ತ ನೋಡಿದರು. "ಬಾಳ ನೀರು ಕುಡೀತಿದ್ಲೇನ್ರಿ? ತೂಕ ಇಳಿದಿತ್ತಾ?" ಎಂದು ಕೇಳಿದರು. ನಾನು ಹೌದೆನ್ನುತ್ತಾ ಹೋದೆ. "ಮಕ್ಕಳಿಗೂ ಸಕ್ಕರೆ ಕಾಯಿಲೆ ಬರ್ತದ್ರಿ. ಮೈಯೊಳಗೆ ಇನ್ಸುಲಿನ್ ಹುಟ್ತಿಲ್ಲ, ಇನ್ಮೇಲೆ ನಾವೇ ಕೊಡ್ಬೇಕು. ಉಸಿರಿನ ಆ ಹಣ್ಣಿನ ವಾಸನೆನೂ ಅದ್ರಿಂದ್ಲೇ. ತಡ ಮಾಡಿದ್ರೆ ಉಳಿಸ್ಕೊಳ್ಳೋದು ಕಷ್ಟ ಇತ್ತು."

ಕೈಯ ನಳಿಕೆಯಲ್ಲಿ ಹನಿ ಹನಿಯಾಗಿ ಇಳಿದ ಆ ಇನ್ಸುಲಿನ್ ನೋಡಲು ಬರೀ ನೀರು. ಮರುದಿನ ಸಂಜೆಗೆ ಚೈತ್ರ ಎದ್ದು ಕೂತು, "ಚಿಕ್ಕಮ್ಮ, ಮಂಡಕ್ಕಿ ಬೇಕು" ಎಂದಳು. ಸೊರಬದಿಂದ ಓಡಿ ಬಂದಿದ್ದ ಅಕ್ಕ ಮಗಳ ಪಾದ ಸವರುತ್ತಿದ್ದಳು. ಆರಿದ ದೀಪ ತಾನಾಗಿ ಹೊತ್ತಿಕೊಂಡದ್ದನ್ನು ಕಂಡವಳಂತೆ ನಾನು ನಿಂತೇ ಇದ್ದೆ.

ಚೈತ್ರ ಈಗ ನಮ್ಮ ಮನೆಯಲ್ಲಿದ್ದುಕೊಂಡೇ ಕಾಲೇಜಿಗೆ ಹೋಗುತ್ತಾಳೆ. ಊಟಕ್ಕೆ ಮುಂಚೆ ಹರಟುತ್ತಲೇ ತನಗೆ ತಾನೇ ಸೂಜಿ ಚುಚ್ಚಿಕೊಳ್ಳುತ್ತಾಳೆ. ಕಳೆದ ವಾರ ಸೊರಬದ ಬಸ್ಸಿನಲ್ಲಿ ನಮ್ಮಿಬ್ಬರ ಮುಂದಿನ ಸೀಟಿನ ಮಗುವೊಂದು ಬಾಟಲಿ ಖಾಲಿ ಮಾಡಿ ಮತ್ತೆ ನೀರಿಗೆ ಅಳುತ್ತಿತ್ತು. ಚೈತ್ರ ಬಗ್ಗಿ ಅದರ ತಾಯಿಯನ್ನು ಕೇಳಿದಳು: "ಅಕ್ಕಾ, ದಿನಾ ಹಿಂಗೇ ಕುಡೀತಾಳಾ? ಸೊರಗಿದಾಳಾ?"

"ಇಲ್ಲಮ್ಮ, ಈಗ ಖಾರದ ಮಿರ್ಚಿ ತಿಂದಿದಾಳೆ. ಯಾಕೆ?"

ಚೈತ್ರ ತನ್ನ ಕಥೆ ಹೇಳಿದಳು. ಆ ತಾಯಿ ಮಗುವನ್ನು ಹತ್ತಿರಕ್ಕೆ ಎಳೆದುಕೊಂಡು ಕೊನೆಯವರೆಗೂ ಕೇಳಿದಳು.

"ಸುಮ್ನೆ ಹೆದರಿಸಿದೆ ನೋಡು" ಎಂದೆ ನಾನು.

"ಇರ್ಲಿ ಚಿಕ್ಕಮ್ಮ. ಹಿಂಗೆ ಕೇಳೋರು ಒಬ್ರು ಬೇಕಲ್ಲ" ಎಂದು ಅವಳು ಕಿಟಕಿಯತ್ತ ತಿರುಗಿದಳು. ಆ ಮಗುವಿಗಿಂತ ಒಂದಿಷ್ಟೇ ದೊಡ್ಡವಳಿದ್ದಾಗ ನಾನು ಆಸ್ಪತ್ರೆಗೆ ಹೊತ್ತು ತಂದ ಹುಡುಗಿ ಇವಳೇ ಎಂಬುದನ್ನು ನಂಬಲಾಗದೆ, ಊರು ಬರುವವರೆಗೂ ಅವಳನ್ನೇ ನೋಡುತ್ತಾ ಕೂತೆ.