ತಡವಾದದ್ದಕ್ಕೆ ಕಾರಣ

ನಮ್ಮ ಮನೆಯ ರೈಲುದಾರಿ ಹದಿನೆಂಟು ಅಡಿ ಉದ್ದವಿತ್ತು. ಬಾಲ್ಕನಿಯಲ್ಲಿ ಒಂದು ಸ್ಟೇಷನ್; ಹಾಲಿನ ಮೂಲೆಯಲ್ಲಿ, ಅಡುಗೆಮನೆಯ ಬಾಗಿಲ ಪಕ್ಕ, ಇನ್ನೊಂದು. ಬಾಲ್ಕನಿಯ ಸ್ಟೇಷನ್ನಿಗೆ ನನ್ನ ಮಾವನವರು ಮಾಸ್ತರು, ಹಾಲಿನದಕ್ಕೆ ನಾನು. ಕಿಟಕಿಯ ಒಂದು ಗಾಜು ತೆಗೆದು ಅಲ್ಲಿಂದ ದಾರಿ ಒಳಗೆ ಬರುತ್ತಿತ್ತು, ಗೋಡೆಗುಂಟ ಎದೆಯೆತ್ತರದ ಹಲಗೆಯ ಮೇಲೆ ಸಾಗಿ ಉಕ್ಕಿನ ಕಪಾಟಿನ ಹಿಂದೆ ಮರೆಯಾಗುತ್ತಿತ್ತು. ಅಲ್ಲಿ ಮೇಲೊಂದು ರಟ್ಟು ಹೊದಿಸಿದ್ದೆವು, ಅದೇ ನಮ್ಮ ಸುರಂಗ. ಸುರಂಗ ದಾಟಿದ ಕೂಡಲೇ ಒಂದು ತಿರುವು. ಕಪಾಟು ಅಡ್ಡವಿದ್ದುದರಿಂದ ಆ ತಿರುವು ಬಾಲ್ಕನಿಗೆ ಕಾಣುತ್ತಿರಲಿಲ್ಲ, ನನಗೆ ಮಾತ್ರ ಕಾಣುತ್ತಿತ್ತು. ನಾನು ಹೇಳಬೇಕೆಂದಿರುವುದೆಲ್ಲ ಆ ತಿರುವಿನಲ್ಲಿ ನಡೆದದ್ದು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಕಲಿತು, ಮದುವೆಯಾಗಿ ಸಾಂತಾಕ್ರೂಜ್‌ನ ಫ್ಲ್ಯಾಟಿಗೆ ಬಂದ ಹೊಸತು. ಯಜಮಾನರಿಗೆ ಪರೇಲಿನ ಒಂದು ಮಿಲ್ಲಿನ ಆಫೀಸಿನಲ್ಲಿ ಕೆಲಸ. ಅತ್ತೆಯವರು ಮೊದಲೇ ತೀರಿಕೊಂಡಿದ್ದರು. ಮಾವನವರು ಹುಬ್ಬಳ್ಳಿ ಕಡೆಯ ಒಂದು ಸಣ್ಣ ಸ್ಟೇಷನ್ನಿನಲ್ಲಿ ಮಾಸ್ತರಾಗಿದ್ದು ರಿಟೈರ್ ಆಗಿ ನಮ್ಮಲ್ಲಿಗೆ ಬಂದರು. ಬಂದ ಮೊದಲ ತಿಂಗಳು ಪಾಪ, ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೈಗಡಿಯಾರ ನೋಡುವುದೇ ಕೆಲಸ. ದೂರದಲ್ಲಿ ಲೋಕಲ್ ರೈಲಿನ ಸದ್ದು ಕೇಳಿದರೆ, "ಅಂಧೇರಿ ಸ್ಲೋ. ಎರಡು ಮಿನಿಟ ಲೇಟ," ಎಂದು ತಮ್ಮಷ್ಟಕ್ಕೆ ತಾವೇ ಹೇಳಿಕೊಳ್ಳುತ್ತಿದ್ದರು. ಯಾರಿಗೆ ಬೇಕಿತ್ತು ಆ ಲೆಕ್ಕ? ಬಾಂಬೆಯಲ್ಲಿ ಎಲ್ಲರೂ ಓಡುವವರು, ಇವರೊಬ್ಬರು ಕೂತು ಗಡಿಯಾರ ನೋಡುವವರು. ಐ ಫೆಲ್ಟ್ ಸೋ ಸಾರಿ ಫಾರ್ ಹಿಮ್.

ಅವರನ್ನು ಎಬ್ಬಿಸಿದವರು ಮೇಲಿನ ಮಹಡಿಯ ಗೋವಾದ ಅಂಕಲ್. ಹಡಗಿನಲ್ಲಿ ಸ್ಟೂವರ್ಡ್ ಆಗಿ ಊಟ ಬಡಿಸುತ್ತ ಲೋಕವೆಲ್ಲ ಸುತ್ತಿದವರು. ಹಡಗು ಬಿಟ್ಟರೂ ಬಿಳಿ ಕ್ಯಾಪ್ ಬಿಟ್ಟಿರಲಿಲ್ಲವಾದ್ದರಿಂದ ಮಾವನವರು ಅವರನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ಅವರ ಬಳಿ ಎರಡು ಬಿಸ್ಕತ್ತಿನ ಡಬ್ಬಿಗಳ ತುಂಬ ಸೀಸದ ಸೈನಿಕರಿದ್ದರು. ಬಂದರು ಬಂದರುಗಳಿಂದ ಒಬ್ಬೊಬ್ಬರಂತೆ ಕೂಡಿಸಿದ ಪಲ್ಟಣ. ಕೆಂಪು ಕೋಟಿನವರು ಒಂದು ಕಡೆ, ನೀಲಿ ಕೋಟಿನವರು ಒಂದು ಕಡೆ. ಶನಿವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಯುದ್ಧ. ಸುಮ್ಮನೆ ಬೀಳಿಸುವ ಆಟವಲ್ಲ. ಕಾಲಾಳು ಒಂದು ಸರದಿಗೆ ಆರು ಇಂಚು ನಡೆಯಬಹುದು, ಕುದುರೆ ಹನ್ನೆರಡು. ಗುಂಡು ತಗಲಿತೋ ಇಲ್ಲವೋ ಎಂಬುದನ್ನು ದಾಳ ಹೇಳಬೇಕು. ಅಳೆಯುವುದಕ್ಕೆ ನನ್ನ ಹೊಲಿಗೆಯ ಟೇಪನ್ನೇ ಒಯ್ಯುತ್ತಿದ್ದರು. ಬಣ್ಣ ಹೋದ ಸೈನಿಕರಿಗೆ ಮತ್ತೆ ಬಣ್ಣ ಹಚ್ಚುವ ಕೆಲಸ ನನ್ನದು. ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಪಿಂಗಾಣಿಯ ಮೇಲೆ ಹೂ ಬರೆಯುವುದನ್ನು ಕಲಿಸಿದ್ದರು. ಆ ಸಣ್ಣ ಬ್ರಶ್ಶು ಕೊನೆಗೆ ಸೈನಿಕರ ಮೀಸೆ ತಿದ್ದಲಿಕ್ಕೆ ಬಂತು.

ಒಂದು ದಿನ ಕ್ಯಾಪ್ಟನ್ ಹಳೆಯ ಟ್ರಂಕಿನಿಂದ ಕೀಲಿ ಕೊಡುವ ತಗಡಿನ ಎಂಜಿನ್ನೊಂದನ್ನೂ ಒಂದು ಕಟ್ಟು ಹಳಿಯನ್ನೂ ತಂದು ಮಾವನವರ ಮಡಿಲಲ್ಲಿಟ್ಟರು. "ಮಾಸ್ಟರ್, ಮೇರಾ ಆರ್ಮಿ ಪೈದಲ್ ಚಲ್ತಾ ಹೈ. ಯು ಗಿವ್ ಮಿ ಎ ಮಿಲಿಟರಿ ಸ್ಪೆಷಲ್, ನೋ?"

ಅಷ್ಟು ಸಾಕಾಯಿತು. ಹಲಗೆ ಬಂತು, ಬಡಿಗ ಬಂದ. ಬಿಸ್ಕತ್ತಿನ ತಗಡನ್ನು ಕತ್ತರಿಸಿ ಮಾವನವರು ತೆರೆದ ವ್ಯಾಗನ್ನುಗಳನ್ನು ಮಾಡಿದರು. ಕಡ್ಡಿಪೆಟ್ಟಿಗೆಗಳಿಂದ ಸ್ಟೇಷನ್ ಎದ್ದಿತು, ಪ್ಲ್ಯಾಟ್‌ಫಾರ್ಮಿನ ಮೇಲೆ ಬೇವಿನ ಗಿಡವೂ ಎದ್ದಿತು. ಯಜಮಾನರು ಸಂಜೆ ಬಂದು ಹಲಗೆಯ ಕೆಳಗೆ ಬಗ್ಗಿ ಹಾಯುತ್ತ, "ದಿನಾ ಎರಡು ಹೊತ್ತು ಲೋಕಲ್ಲಿನ ಬಾಗಿಲಿಗೆ ಜೋತು ಬಿದ್ದು ಬರ್ತೀನಿ. ಮನಿಯೊಳಗೂ ರೈಲಾ?" ಎಂದರು.

"ತಲಿ ಸಂಭಾಳಿಸೋ," ಎಂದರು ಮಾವನವರು. "ಟಿಕೀಟು ಅದನೋ ಇಲ್ಲೋ?"

ಆದರೆ ಅವರಿಗೆ ಅದು ಆಟಿಕೆಯಾಗಿರಲಿಲ್ಲ. ಅವರ ಸ್ಟೇಷನ್ನಿನ ಹಾಗೆ ಇದೂ ಒಂಟಿ ಹಳಿ. ಎದುರಿನ ಸ್ಟೇಷನ್ ಒಪ್ಪದೆ ಗಾಡಿ ಬಿಡುವ ಹಾಗಿಲ್ಲ. ಎರಡು ಸೈಕಲ್ ಗಂಟೆ ತಂದು ಎರಡು ಕಡೆ ಬಿಗಿದರು. ಅವರು ಎರಡು ಸಲ ಬಾರಿಸಿದರೆ 'ಬಿಡಲೇ?' ಎಂದರ್ಥ. ನಾನು ಎರಡು ಸಲ ಬಾರಿಸಿದರೆ 'ಬಿಡಿ, ಲೈನ್ ಕ್ಲಿಯರ್.' ಗಾಡಿ ಬಂದು ನಿಂತ ಮೇಲೆ ಒಂದು ಸಲ. ಪ್ರತಿ ಗಾಡಿಯ ಹೊತ್ತನ್ನೂ ಒಂದು ಉದ್ದ ರಿಜಿಸ್ಟರಿನಲ್ಲಿ ಬರೆಯಬೇಕು. ಅದರ ಕೊನೆಯ ಕಾಲಂ: 'ತಡವಾದದ್ದಕ್ಕೆ ಕಾರಣ'. ಹಳಿ ತಪ್ಪಿದರೆ, ವ್ಯಾಗನ್ ಮಗುಚಿದರೆ, ಆ ಕಾಲಮಿನಲ್ಲಿ ಬರೆದು ಸಹಿ ಮಾಡಬೇಕು. ಕಾರಣ ಬರೆಯುವುದು ಗಾಡಿ ಬಂದು ಸೇರಿದ ಸ್ಟೇಷನ್ನಿನ ಕೆಲಸ. ರಿಜಿಸ್ಟರು ರವಿವಾರ ಸಂಜೆ ನನ್ನ ಕಡೆಯಿಂದ ಅವರ ಕಡೆಗೆ ಹೋಗುತ್ತಿತ್ತು, ಅವರು ತಮ್ಮ ಗಡಿಯಾರದ ಹೊತ್ತನ್ನು ಅದರಲ್ಲಿ ಸೇರಿಸುತ್ತಿದ್ದರು.

ಡ್ಯೂಟಿಯ ಮೇಲಿದ್ದಾಗ ಅವರು ನನ್ನನ್ನು ಎಂದಿನಂತೆ ತಂಗಿ ಎನ್ನುತ್ತಿರಲಿಲ್ಲ. "ಎದುರಿನ ಮಾಸ್ತರ, ನಿಮ್ಮ ಸಿಗ್ನಲ್ ಕೆಳಗ ಇಳಿದಿಲ್ರೀ!" ಎಂದು ಬಾಲ್ಕನಿಯಿಂದ ಬಹುವಚನದಲ್ಲಿ ಕೂಗುತ್ತಿದ್ದರು. ಕುಕ್ಕರಿನ ಸೀಟಿ ಹೊಡೆದರೆ, "ಎಂಜಿನ್ ಯಾವುದದು, ಪರ್ಮಿಶನ್ ಇಲ್ಲದ?" ನಾನು ನಕ್ಕು ನಕ್ಕು ಲೈನ್ ಕ್ಲಿಯರ್ ಕೊಡಲಾರದೆ ಹೋದದ್ದೂ ಉಂಟು. ಕಾರಣದ ಕಾಲಮಿನಲ್ಲಿ 'ಮಾಸ್ತರಿಗೆ ನಗು' ಎಂದು ಬರೆದೆ. ಅವರು ಗಂಭೀರವಾಗಿ ಸಹಿ ಹಾಕಿದರು. ಆ ಮೂರು ನಾಲ್ಕು ವರ್ಷಗಳ ರವಿವಾರಗಳನ್ನು ಯಾರಾದರೂ ವಾಪಸು ಕೊಡುವುದಿದ್ದರೆ ಉಳಿದದ್ದೇನನ್ನೂ ನಾನು ಕೇಳುವುದಿಲ್ಲ.

ಕ್ಯಾಪ್ಟನ್ನರ ಸೈನಿಕರು ವ್ಯಾಗನ್ನಿಗೆ ಮೀರಿದ ಎತ್ತರದವರು. ನಿಲ್ಲಿಸಿದರೆ ಸುರಂಗದ ಮೇಲ್ಭಾಗಕ್ಕೆ ತಲೆ ತಗಲುತ್ತಿತ್ತು. ಅವರನ್ನು ಮಲಗಿಸಿ ಕಳಿಸಬೇಕೆಂದು ಮಾವನವರು. "ಮೈ ಮೆನ್ ಡೋಂಟ್ ಟ್ರಾವೆಲ್ ಲೈಕ್ ಬೊಂಬಿಲ್ ಫಿಶ್!" ಎಂದು ಕ್ಯಾಪ್ಟನ್. ಕೊನೆಗೆ ಕಪಾಟಿನ ಹಿಂದೆ ಹಲಗೆಯನ್ನೇ ಎರಡು ಬೆರಳು ಕೆಳಗಿಳಿಸಬೇಕಾಯಿತು. ಎಪ್ಪತ್ತೊಂದರಲ್ಲಿ ನಿಜವಾದ ಯುದ್ಧ ಬಂದು, ದೀಪ ಹೊರಗೆ ಕಾಣದಂತೆ ಕಿಟಕಿಗಳಿಗೆಲ್ಲ ಕಂದು ಕಾಗದ ಅಂಟಿಸಿದಾಗ ಕ್ಯಾಪ್ಟನ್ ತಮ್ಮ ಪಲ್ಟಣವನ್ನು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದರು. ಅಷ್ಟು ದಿನ ನಾವು ಬರೀ ಗೂಡ್ಸ್ ಓಡಿಸಿದೆವು: ಕಡಲೆಬೇಳೆ, ಏಲಕ್ಕಿ, ನನ್ನ ಗುಂಡಿಗಳು.

ಅದಾದ ಮರುವರ್ಷ ಮಾವನವರ ಬಲಗೈ ನಡುಗಲು ತೊಡಗಿತು. ಮೊದಲು ಬಸಿಯಲ್ಲಿ ಚಹಾದ ಕಪ್ಪು ಸದ್ದು ಮಾಡಿತು. ಆಮೇಲೆ ಶರ್ಟಿನ ಗುಂಡಿ. ಪರೇಲಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರು ಅವರನ್ನು ಹೊರಗೆ ಕೂಡಿಸಿ ನಮಗೆ ಹೇಳಿದರು: ಇದು ನಿಧಾನ ಹೆಚ್ಚುತ್ತದೆ, ಕಡಿಮೆಯಾಗುವಂಥದಲ್ಲ. ವಾಪಸು ಟ್ಯಾಕ್ಸಿಯಲ್ಲಿ ಹೊರಟೆವು. ಮಾಹಿಮ್ ದಾಟಿದ ಮೇಲೆ ಅವರೇ, "ರವಿವಾರ ಗಾಡಿ ಓಡತಾವ ಅಲ್ಲ?" ಎಂದರು.

"ಓಡತಾವರೀ ಮಾವಾರ," ಎಂದೆ.

ಅಂದಿನಿಂದ ನನ್ನ ತಪ್ಪು ಶುರುವಾಯಿತು. ನಡುಗುವ ಕೈಯಿಂದ ಅವರು ವ್ಯಾಗನ್ನುಗಳನ್ನು ಹಳಿಯ ಮೇಲೆ ಕೂಡಿಸುತ್ತಿದ್ದರು. ಒಂದು ಗಾಲಿ ಸರಿಯಾಗಿ ಕೂಡುತ್ತಿರಲಿಲ್ಲ. ನೇರ ಹಳಿಯಲ್ಲಿ ಹೇಗೋ ಎಳೆದುಕೊಂಡು ಬಂದದ್ದು, ಸುರಂಗ ದಾಟಿದ ತಿರುವಿನಲ್ಲಿ ಮಗುಚುತ್ತಿತ್ತು. ಮೊದಲ ಸಲ ಮಗುಚಿದಾಗ ನಾನು ಬಾಲ್ಕನಿಯತ್ತ ನೋಡಿದೆ. ಅವರು ಕಿವಿಗೊಟ್ಟು ನನ್ನ ಗಂಟೆಗೆ ಕಾಯುತ್ತಿದ್ದರು. ನಾನು ಸದ್ದಿಲ್ಲದೆ ವ್ಯಾಗನ್ನುಗಳನ್ನು ಎತ್ತಿ ಕೂಡಿಸಿ, ಎಂಜಿನ್ನನ್ನು ಸ್ಟೇಷನ್ನಿಗೆ ತಂದು, ಒಂದು ಸಲ ಗಂಟೆ ಬಾರಿಸಿದೆ. ಕಾರಣದ ಕಾಲಮನ್ನು ಖಾಲಿ ಬಿಟ್ಟೆ.

ಆಮೇಲೆ ಅದೇ ರೂಢಿಯಾಯಿತು. ಬಿದ್ದ ಸದ್ದು ಕೇಳದಿರಲೆಂದು ತಿರುವಿನ ಹಲಗೆಯ ಮೇಲೆ ಹಳೆಯ ಶಾಲು ಮಡಿಸಿ ಹಾಸಿದೆ. ಕೇಳಿದರೆ 'ಹುಲ್ಲುಗಾವಲು' ಎನ್ನಬೇಕೆಂದು ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದೆ. ಅವರು ಕೇಳಲಿಲ್ಲ. ಮಾಡಬೇಕಾದದ್ದನ್ನು ಮಾಡದಿರುವುದೂ ಪಾಪವೇ ಎಂದು ಸಿಸ್ಟರ್ ಹೇಳಿಕೊಟ್ಟದ್ದು ನನಗೆ ಮರೆತಿರಲಿಲ್ಲ. ಸಿನ್ ಆಫ್ ಒಮಿಶನ್. ಆದರೆ ಸಿಸ್ಟರ್ ಆ ಕೈಯನ್ನು ನೋಡಿರಲಿಲ್ಲವಲ್ಲ.

ಒಂದು ಶನಿವಾರ, ಕ್ಯಾಪ್ಟನ್ ಬಾಲ್ಕನಿಯಲ್ಲಿ ನಿಂತು ಬೀಳ್ಕೊಟ್ಟ ಮಿಲಿಟರಿ ಸ್ಪೆಷಲ್ ಹೊರಟಿತು. ಎರಡು ವ್ಯಾಗನ್ನಿನಲ್ಲಿ ಹನ್ನೆರಡು ಜನ ಕೆಂಪು ಕೋಟಿನವರು, ಅವರಲ್ಲೊಬ್ಬ ಕಹಳೆಯವ. ತಿರುವಿನಲ್ಲಿ ಎರಡೂ ವ್ಯಾಗನ್ ಮಗುಚಿದವು. ಹನ್ನೊಂದು ಜನ ಶಾಲಿನ ಮೇಲೆ ಬಿದ್ದರು. ಕಹಳೆಯವ ಹಲಗೆ ದಾಟಿ ನೆಲದ ಟೈಲ್ಸಿಗೆ ಬಿದ್ದ. ತಲೆ ಒಂದು ಕಡೆ, ಮೈ ಒಂದು ಕಡೆ. ನಾನು ಎರಡನ್ನೂ ಹೊಲಿಗೆಯ ಡಬ್ಬಿಯಲ್ಲಿ ಬಚ್ಚಿಟ್ಟು, ಹನ್ನೊಂದು ಜನರನ್ನು ನಿಲ್ಲಿಸಿ, ಗಂಟೆ ಬಾರಿಸಿದೆ. ಆಮೇಲೆ ಕಡ್ಡಿಪೆಟ್ಟಿಗೆಯ ಕಡ್ಡಿ ಕತ್ತಿನೊಳಗೆ ಚುಚ್ಚಿ ತಲೆ ಕೂಡಿಸಬಹುದು, ಬಣ್ಣ ಬಳಿಯಬಹುದು, ಯಾರಿಗೂ ಗೊತ್ತಾಗದು ಎಂದುಕೊಂಡೆ.

ಆದರೆ ಯುದ್ಧಕ್ಕೆ ಮುಂಚೆ ಕ್ಯಾಪ್ಟನ್ ಹಾಜರಿ ತೆಗೆಯುತ್ತಿದ್ದರು. ಅದು ನನಗೆ ನೆನಪೇ ಆಗಿರಲಿಲ್ಲ.

"ಎಲೆವನ್," ಎಂದರು. ಮತ್ತೆ ಎಣಿಸಿದರು. "ಅರೇ, ಮೇರಾ ಬ್ಯೂಗ್ಲರ್ ಕಿಧರ್? ಬ್ಯೂಗ್ಲರ್ ಇಲ್ಲದೆ ರಿಟ್ರೀಟ್ ಹೇಗೆ ಕೊಡುವುದು ಬಾಬಾ? ಎಲ್ಲ ಸಾಯ್ತಾರೆ!"

"ಕಪಾಟಿನ ಹಿಂದೆ ಬಿದ್ದಿರಬೇಕು, ಅಂಕಲ್. ಐ ವಿಲ್ ಲುಕ್," ಎಂದೆ.

ಮಾವನವರು ಬಾಲ್ಕನಿಯಿಂದ ಎದ್ದು ನಿಧಾನವಾಗಿ ಒಳಗೆ ಬಂದರು. "ನನ್ನ ಸ್ಟೇಷನ್ನಿಂದ ಹನ್ನೆರಡು ಮಂದಿ ಹೊಂಟಾರ. ಎದುರಿನ ಸ್ಟೇಷನ್ನಿಗೆ ಹನ್ನೊಂದು ಮಂದಿ ಮುಟ್ಟ್ಯಾರ. ಕ್ಯಾಪ್ಟನ್, ನಾಳೆ ಎನ್‌ಕ್ವೈರಿ."

ಕ್ಯಾಪ್ಟನ್ ಹೋ ಎಂದು ನಕ್ಕರು. ನಾನೂ ನಕ್ಕೆ. ಮಾವನವರು ನಗಲಿಲ್ಲ.

ರವಿವಾರ ಮೂರು ಗಂಟೆಗೆ ಅವರು ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ಊಟದ ಮೇಜಿನ ಹತ್ತಿರ ಕೂತರು. ಗುಂಡಿಗಳನ್ನು ಹಾಕಿಕೊಟ್ಟವಳು ನಾನೇ. ರಿಜಿಸ್ಟರನ್ನು ತೆರೆದಿಟ್ಟಿದ್ದರು. ಅವರ ಅಕ್ಷರ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತ ಇರುವೆಯ ಸಾಲಿನಂತಾಗಿದ್ದುದನ್ನು ನಾನು ಅಂದೇ ಸರಿಯಾಗಿ ನೋಡಿದ್ದು.

"ಎದುರಿನ ಮಾಸ್ತರ, ಕೂಡ್ರಿ. ಇದನ್ನ ಓದ್ರಿ. ನಿಮ್ಮ ಕಡೆಯಿಂದ ಹೊಂಟ ಗಾಡಿ ಒಂದರೆ ತಡ ಆಗೇದೇನ್ರಿ?"

"ಇಲ್ಲರೀ."

"ನನ್ನ ಕಡೆಯಿಂದ ಹೊಂಟದ್ದು?"

ನಾನು ಓದಿದೆ. ಎರಡು ಮಿನಿಟು. ಮೂರು ಮಿನಿಟು. ಎರಡು. ನಾಲ್ಕು. ಪುಟದ ಮೇಲೆ ಪುಟ. ನನ್ನ ಗಂಟೆ ಬಾರಿಸಿದ ಹೊತ್ತನ್ನು ಅವರು ಒಂದೂ ಬಿಡದೆ ಗುರುತು ಮಾಡಿದ್ದರು. ಆ ಪ್ರತಿ ಸಾಲಿನ ಕೊನೆಗೆ ಕಾರಣದ ಕಾಲಂ ಮಾತ್ರ ಖಾಲಿ.

"ಬರೀ ನನ್ನ ಕಡೆಯಿಂದ ಹೊಂಟದ್ದೇ ತಡ," ಎಂದರು. "ತಪ್ಪು ಯಾವ ಸ್ಟೇಷನ್ನಿಂದು ಅಂತ ತಿಳಿಲಿಕ್ಕೆ ಶಾಣ್ಯಾ ಆಗಬೇಕಿಲ್ಲ. ಎಂಟು ತಿಂಗಳಿಂದ ಕಾಯಾಕತ್ತೀನಿ, ನೀವು ಇವತ್ತ ಬರೀತೀರಿ, ಮುಂದಿನ ವಾರ ಬರೀತೀರಿ ಅಂತ."

ನಾನು ಹೊಲಿಗೆಯ ಡಬ್ಬಿ ತಂದು ಕಹಳೆಯವನ ತಲೆಯನ್ನೂ ಮೈಯನ್ನೂ ಮೇಜಿನ ಮೇಲಿಟ್ಟೆ. ಕ್ಯಾಪ್ಟನ್ ಕ್ಯಾಪ್ ತೆಗೆದು ಮಡಿಲಲ್ಲಿಟ್ಟುಕೊಂಡರು. "ಛೋಡೋ ಮಾಸ್ಟರ್, ಒಂದು ಸೋಲ್ಜರ್. ಯುದ್ಧದಲ್ಲಿ ಇದೆಲ್ಲ ಆಗ್ತದೆ," ಎಂದರು.

"ಸೋಲ್ಜರ್ ಹೋದದ್ದಕ್ಕ ಅಲ್ಲ, ಕ್ಯಾಪ್ಟನ್."

"ಮಾವಾರ, ನಿಮಗ ನೋವಾಗ್ತದಂತ…" ಎಂದೆ.

"ಕೈ ನಡುಗೋದು ನನಗ ಗೊತ್ತಿಲ್ಲೇನು? ನನ್ನ ಕೈ ಅದು." ಬಲಗೈಯನ್ನು ಎಡಗೈಯಿಂದ ಮೇಜಿಗೆ ಒತ್ತಿ ಹಿಡಿದಿದ್ದರು, ಆದರೂ ಅದರೊಂದಿಗೆ ಪೆನ್ನು ಅಲುಗುತ್ತಿತ್ತು. "ಗಾಡಿ ಬಿದ್ದದ್ದು ನೀವು ಬರದಿಟ್ಟಿದ್ರ ನಾನು ಹಗೂರಕ ಓಡಸ್ತಿದ್ದೆ. ಒಂದೇ ವ್ಯಾಗನ್ ಹಾಕ್ತಿದ್ದೆ. ಏನರೆ ಮಾಡ್ತಿದ್ದೆ. ಎದುರಿನ ಮಾಸ್ತರನ ಮಾತಿನ ಮ್ಯಾಲ ಗಾಡಿ ಬಿಡಬೇಕು ನಾನು. ಆ ಮಾತು ಖರೇ ಇಲ್ಲಂದ್ರ, ಹ್ಯಾಂಗ ಬಿಡ್ಲಿ?"

ರೈಲ್ವೆಯಲ್ಲಿ ಡ್ರೈವರನ ಕಣ್ಣು ಮಂದವಾದರೆ ಡಾಕ್ಟರು ಅವನನ್ನು ಅನ್‌ಫಿಟ್ ಎಂದು ಬರೆದು ಎಂಜಿನ್ನಿನಿಂದ ಇಳಿಸುತ್ತಾರೆ ಎಂದು ಅವರು ಹಿಂದೆ ಹೇಳಿದ್ದರು. ಅಂದು ತಮ್ಮ ಹೆಸರಿನ ಮುಂದೆ ತಾವೇ ಅದನ್ನು ಬರೆದರು. ಆ ಒಂದು ಶಬ್ದ ಬರೆಯಲು ಬಹಳ ಹೊತ್ತು ಹಿಡಿಯಿತು. ನಾನು ಪೆನ್ನು ಹಿಡಿದುಕೊಳ್ಳಲೂ ಇಲ್ಲ, ತಡೆಯಲೂ ಇಲ್ಲ. ಏನು ಮಾಡಿದರೂ ತಪ್ಪೇ ಆಗುತ್ತಿತ್ತು.

ಆ ವಾರವೆಲ್ಲ ಮಧ್ಯಾಹ್ನ ಕೂತು ನಾನು ಖಾಲಿ ಕಾಲಂ ತುಂಬಿಸಿದೆ. ನೆನಪಿದ್ದಷ್ಟು: ಮೂರನೆಯ ವ್ಯಾಗನ್ ಮಗುಚಿತು. ಎಂಜಿನ್ನಿನ ಹಿಂದಿನ ಗಾಲಿ ಇಳಿಯಿತು. ಏಲಕ್ಕಿ ಚೆಲ್ಲಿತು. ಪ್ರತಿಯೊಂದಕ್ಕೂ ಸಹಿ ಮಾಡಿ ರಿಜಿಸ್ಟರನ್ನು ಬಾಲ್ಕನಿಗೆ ಒಯ್ದೆ. ಅವರು ಕನ್ನಡಕ ಹಾಕಿ ಕೊನೆಯ ಸಾಲಿನವರೆಗೆ ಓದಿದರು, ಕೆಳಗೆ ಸಹಿ ಹಾಕಿದರು. ಸಹಿ ಗೆರೆ ದಾಟಿ ಹೋಯಿತು.

"ಛಲೋ ಬರದಿ, ತಂಗಿ," ಎಂದರು. ತಂಗಿ ಎಂದ ಕೂಡಲೇ ನನಗೆ ಗೊತ್ತಾಯಿತು, ಡ್ಯೂಟಿ ಮುಗಿದಿದೆ.

"ಮಾವಾರ, ವ್ಯಾಗನ್ ನಾನು ಕೂಡಸ್ತೀನಿ. ನೀವು ಬರೇ ಗಂಟಿ ಬಾರಿಸ್ರಿ. ಪ್ಲೀಸ್."

ಅವರು ಕೈಗಡಿಯಾರ ನೋಡಿದರು. ದೂರದಲ್ಲಿ ಲೋಕಲ್ ಹೋಗುತ್ತಿತ್ತು. "ಅಂಧೇರಿ ಸ್ಲೋ," ಎಂದರು. "ಟೈಮಿಗೆ ಸರಿಯಾಗಿ ಅದ."

ಮುಂದಿನ ರವಿವಾರ ಮೂರು ಗಂಟೆಗೆ ನಾನು ನನ್ನ ಸ್ಟೇಷನ್ನಿನಲ್ಲಿ ನಿಂತೆ. ಎಂಜಿನ್ನಿಗೆ ಕೀಲಿ ಕೊಟ್ಟು, ಒಂದೊಂದು ಗಾಲಿಯನ್ನೂ ಬೆರಳಿನಿಂದ ಮುಟ್ಟಿ ನೋಡಿ ಹಳಿಯ ಮೇಲೆ ಕೂಡಿಸಿದೆ. ಕಡ್ಡಿ ಚುಚ್ಚಿ ತಲೆ ಕೂಡಿಸಿದ ಕಹಳೆಯವನನ್ನು ಮೊದಲನೆಯ ವ್ಯಾಗನ್ನಿನಲ್ಲಿ ನಿಲ್ಲಿಸಿದೆ. ತಲೆ ಸ್ವಲ್ಪ ಓರೆಯಾಗಿತ್ತು. ಎರಡು ಸಲ ಗಂಟೆ ಬಾರಿಸಿದೆ. ಬಾಲ್ಕನಿಯಲ್ಲಿ ಕುರ್ಚಿ ಕಿರುಗುಟ್ಟಿತು, ಅವರು ಅಲ್ಲೇ ಇದ್ದರು. ಮತ್ತೆ ಎರಡು ಸಲ ಬಾರಿಸಿದೆ.

ಉತ್ತರ ಬರಲಿಲ್ಲ. ಎದುರಿನ ಸ್ಟೇಷನ್ ಒಪ್ಪದೆ ಗಾಡಿ ಬಿಡುವ ಹಾಗಿರಲಿಲ್ಲ. ನಾನು ಎಂಜಿನ್ನಿನ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದೆ. ಒಳಗಿನ ಸ್ಪ್ರಿಂಗು ನನ್ನ ಅಂಗೈಯನ್ನು ಒತ್ತುತ್ತಲೇ ಇತ್ತು.