ದೊಡ್ಡಪ್ಪ ತಂದ ಹೋರಿ

ನಮ್ಮ ದೊಡ್ಡಪ್ಪನಿಗೆ ಗಿಡ್ಡದ್ದು ಕಂಡರೆ ಆಗುತ್ತಿರಲಿಲ್ಲ. ಸಿದ್ದಾಪುರದ ನಮ್ಮ ಕೇರಿಯ ದನಗಳೋ, ಎಲ್ಲವೂ ಗಿಡ್ಡವೇ. ಶಿರಸಿಯಲ್ಲಿ ಯಾರದೋ ತಳಿ ಸುಧಾರಣೆಯ ಭಾಷಣ ಕೇಳಿ ಬಂದಮೇಲಂತೂ ಅವನ್ನು ಬೆಕ್ಕಿನ ಮರಿಗಳೆಂದೇ ಕರೆಯತೊಡಗಿದ. ದೀಪಾವಳಿ ಕಳೆದದ್ದೇ ಹಾವೇರಿ ಕಡೆಯಿಂದ ದೊಡ್ಡದೊಂದು ಹೋರಿ ತಂದ. ಅದರ ಕೊಂಬು ಕೊಟ್ಟಿಗೆಯ ಬಾಗಿಲಲ್ಲಿ ಹಿಡಿಸದಿದ್ದಾಗ ಬಾಗಿಲನ್ನೇ ಕೀಳಿಸಿದ. ಅಷ್ಟಕ್ಕೇ ಸುಮ್ಮನಾಗದೆ, ಕೇರಿಯ ಗಿಡ್ಡ ಹೋರಿಗಳಿಗೆಲ್ಲ ಬೀಜ ಒಡೆಸಿಬಿಟ್ಟ. ಸುಧಾರಣೆಯೆಂದರೆ ಇದು!

ಅಮ್ಮನಿಗೆ ತವರಿನಿಂದ ಬಂದದ್ದು ಒಂದೇ ದನ. ಅವಳ ಎದೆಹಾಲು ಬತ್ತಿದಾಗ ನನ್ನ ತಂಗಿಯನ್ನು ಬದುಕಿಸಿದ್ದು ಅದರ ಹಾಲು.

"ಬಾವ, ಇದು ಸಣ್ಣ ಜೀವ. ಆ ಹೋರಿಗೆ ಬಿಡಡಿ" ಎಂದು ತಡೆಯಲು ನೋಡಿದಳು ಅಮ್ಮ.

"ನಿಂಗೆಂತ ಗೊತ್ತಿದ್ದು? ಹೋರಿ ದೊಡ್ಡದಾದ್ರೆ ಕರುನೂ ದೊಡ್ಡ ಆಗ್ತು" ಎಂದ ದೊಡ್ಡಪ್ಪ. ಮನೆಯ ಯಜಮಾನನ ಮಾತು, ನಡೆಯಿತು.

ಮಳೆ ಹಿಡಿಯಿತು. ಹೋರಿಯ ಗೊರಸು ಕೊಳೆಯಿತು. ಬೆಟ್ಟದ ಹುಲ್ಲನ್ನು ಅದು ಮೂಸಿಯೂ ನೋಡಲಿಲ್ಲ. ಅದಕ್ಕೆ ದಿನಾ ಗಂಜಿ, ಬೆನ್ನಿಗೆ ಕಂಬಳಿ. ನಮ್ಮ ಮನೆಯಲ್ಲಿ ಅಳಿಯನಿಗೂ ಆ ಉಪಚಾರವಿರಲಿಲ್ಲ. ಅಮ್ಮನ ಗಬ್ಬದ ಗಿಡ್ಡ ದನ ಮಾತ್ರ ಅದೇ ಮಳೆಯಲ್ಲಿ ಬೆಟ್ಟ ಹತ್ತಿ ಹೊಟ್ಟೆ ತುಂಬಿಸಿಕೊಂಡು ಬರುತ್ತಿತ್ತು.

ಗಿಡ್ಡವಾಗಿರುವುದು ಅದರ ತಪ್ಪೇ? ತಿಂಗಳುಗಟ್ಟಲೆ ಮಳೆ, ಸತ್ವವಿಲ್ಲದ ಹುಲ್ಲು. ದೊಡ್ಡ ಮೈಗೆ ಇಲ್ಲಿ ಹೊಟ್ಟೆ ತುಂಬುವುದಿಲ್ಲ. ಹಿಂದೆಂದೋ ಹುಟ್ಟಿದ ದೊಡ್ಡವು ಕರು ಹಾಕುವ ಮೊದಲೇ ಸತ್ತಿರಬೇಕು. ಸ್ವಲ್ಪದರಲ್ಲೇ ಬದುಕಬಲ್ಲ ಸಣ್ಣವು ಉಳಿದವು, ಸಣ್ಣ ಕರುಗಳನ್ನೇ ಹಾಕಿದವು. ಎಷ್ಟೋ ತಲೆಮಾರು ಈ ಮಳೆ ಮಾಡಿಟ್ಟ ಕೆಲಸವನ್ನು ದೊಡ್ಡಪ್ಪ ಒಂದು ಭಾಷಣ ಕೇಳಿ ತಿದ್ದಲು ಹೊರಟಿದ್ದ. ಅವನ ತಲೆಗೆ ಇಷ್ಟು ಹೊಳೆಯಲಿಲ್ಲ, ಹೊಳೆಯುವ ತಲೆಯೂ ಅದಲ್ಲ.

ಚೌತಿಯ ಹೊತ್ತಿಗೆ ದನಕ್ಕೆ ನೋವು ಬಂತು. ಕರುವಿನ ಮುಂಗಾಲು ಕಂಡವು, ತಲೆ ಮಾತ್ರ ಹೊರಬರಲೊಲ್ಲದು. ಬೆಳಗಿನಿಂದ ಇಬ್ಬರು ಆಳುಗಳು ಹಗ್ಗ ಕಟ್ಟಿ ಎಳೆದರು. ಅಮ್ಮ ದನದ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅದರ ಕುತ್ತಿಗೆ ಸವರುತ್ತ ಕೂತಿದ್ದಳು. ಮಧ್ಯಾಹ್ನ ಕರು ಸತ್ತೇ ಬಂತು. ಸ್ವಲ್ಪ ಹೊತ್ತಿಗೆ ದನವೂ ಹೋಯಿತು. ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು.

ದೊಡ್ಡಪ್ಪ ಕರುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅದರ ಕಾಲನ್ನು ಎಳೆದು ನೇರಮಾಡಿ, ಗೇಣು ಹಾಕಿ ಅಳೆದ. ಆಮೇಲೆ ಅಮ್ಮನ ಕಡೆ ತಿರುಗಿದ.

"ಎಷ್ಟು ದೊಡ್ಡ ಇದ್ದು ನೋಡು" ಎಂದ. "ಆನು ಹೇಳಿದ್ನಿಲ್ಯ?"